ಕಿಟ್, ಕೂಪನ್, ಪೆಟ್ರೋಲ್ ಚೀಟಿ: ಮೊದಲ ಸಲ ಮತ ಹಾಕುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಾಲೇಜುಗಳಲ್ಲಿ, ಯುವಕ ಸಂಘಗಳಲ್ಲಿ ಮತದಾನದ ಬಗ್ಗೆ ಮಾತಾಡುವ ಕೆಲಸ ನನ್ನದು. ಮೈಕಿನ ಮುಂದೆ ಯಾರೂ ಕೇಳದ, ಆಮೇಲೆ ಒಬ್ಬೊಬ್ಬರೇ ಹತ್ತಿರ ಬಂದು ಕೇಳುವ ಪ್ರಶ್ನೆಗಳು ಇವು. ಉತ್ತರಗಳಲ್ಲಿ ಕಾನೂನು ಎಷ್ಟು, ನನ್ನ ಅಭಿಪ್ರಾಯ ಎಷ್ಟು ಅನ್ನುವುದನ್ನು ಆದಷ್ಟು ಬೇರೆ ಬೇರೆಯಾಗಿಯೇ ಇಟ್ಟಿದ್ದೇನೆ.

ಊರ ಹುಡುಗರಿಗೆ ಕ್ರಿಕೆಟ್ ಕಿಟ್ ಕೊಡಿಸಿದರೆ ತಪ್ಪೇನು ಸರ್? ಆಡೋಕೆ ತಾನೇ?

ಕಿಟ್ ಬರುವ ದಿನ ಏನೇನಾಗುತ್ತದೆ ನೋಡಿ. ಸಂಜೆ ಹೊತ್ತಿಗೆ ಹೋಬಳಿ ಮಟ್ಟದ ಮುಖಂಡರೊಬ್ಬರ ಜೀಪು ಬರುತ್ತದೆ. ಉದ್ದನೆಯ ಚೀಲದಲ್ಲಿ ಎರಡು ಬ್ಯಾಟು, ಪ್ಯಾಡು, ಗ್ಲೌಸು, ಸ್ಟಂಪು, ಒಂದು ಡಬ್ಬ ಟೆನಿಸ್ ಬಾಲು. ಜತೆಗೆ ಟೀ ಶರ್ಟುಗಳು: ಎದೆಯ ಮೇಲೆ ತಂಡದ ಹೆಸರು, ಬೆನ್ನ ಮೇಲೆ ಅಣ್ಣನ ಫೋಟೊ. ಕ್ಯಾಪ್ಟನ್ ಕೈಗೆ ಚೀಲ ಕೊಡುವಾಗ ನಾಲ್ಕು ಮೊಬೈಲುಗಳು ಕ್ಲಿಕ್ ಅನ್ನುತ್ತವೆ, ಅರ್ಧ ಗಂಟೆಯೊಳಗೆ ಎಲ್ಲರ ಸ್ಟೇಟಸ್ಸಿನಲ್ಲೂ ಅದೇ ಫೋಟೊ. ಹೊರಡುವ ಮುಂಚೆ ಮುಖಂಡರ ಜತೆ ಬಂದ ಹುಡುಗ ತಂಡದವರ ಹೆಸರು, ಫೋನ್ ನಂಬರು ಬರೆದುಕೊಳ್ಳುತ್ತಾನೆ. ಅವರು ಬಂದಿದ್ದೇ ಆ ಪಟ್ಟಿಗಾಗಿ. ನಾಳೆ ಬ್ಯಾನರ್ ಕಟ್ಟಲು, ಮನೆಮನೆಗೆ ಕರಪತ್ರ ಹಂಚಲು, ಬೂತಿನ ಹೊರಗೆ ಟೇಬಲ್ ಹಾಕಿ ಕೂರಲು ಇದೇ ನಂಬರುಗಳಿಗೆ ಫೋನು ಬರುತ್ತದೆ.

ಇನ್ನೊಂದು ಕಡೆಯಿಂದ ನೋಡಿ. ಆ ಊರಿಗೆ ಆಟದ ಮೈದಾನ ಇದೆಯೇ? ಬಹಳ ಕಡೆ ಇರುವುದಿಲ್ಲ. ಬತ್ತಿದ ಕೆರೆಯಂಗಳದಲ್ಲೋ ಕೊಯ್ಲಾದ ಗದ್ದೆಯಲ್ಲೋ ಆಡುತ್ತಾರೆ. ಮೈದಾನ ಮಾಡಿಕೊಡುವುದು ತಲೆನೋವಿನ ಕೆಲಸ. ಸರ್ಕಾರಿ ಜಾಗ ಗುರುತಿಸಬೇಕು, ಸರ್ವೆ ಮಾಡಿಸಬೇಕು, ಒತ್ತುವರಿ ಬಿಡಿಸಬೇಕು. ಒತ್ತುವರಿ ಮಾಡಿಕೊಂಡವರು ಅದೇ ಮುಖಂಡರ ಕಡೆಯವರಾಗಿರುವುದೂ ಉಂಟು. ಕಿಟ್ಟಾದರೆ ಕೆಲವು ಸಾವಿರದಲ್ಲಿ ಮುಗಿಯಿತು. ಕಿಟ್ ಇಸಿದುಕೊಂಡ ಕ್ಯಾಪ್ಟನ್ ಮುಂದಿನ ತಿಂಗಳು ಮೈದಾನ ಕೇಳಲು ಹೋದರೆ ‘ಏನಪ್ಪಾ, ಮೊನ್ನೆ ತಾನೆ ಕೊಡಿಸಿದ್ದೀನಲ್ಲ’ ಅನ್ನುತ್ತಾರೆ. ಅಲ್ಲಿಗೆ ಬಾಯಿ ಕಟ್ಟಿತು. ನನ್ನ ತಕರಾರು ಇರುವುದು ಬ್ಯಾಟಿನ ಮೇಲಲ್ಲ, ಆ ಬಾಯಿ ಕಟ್ಟಿದ್ದರ ಮೇಲೆ. ಅಧಿಕಾರದಲ್ಲಿರುವವರನ್ನು ಕೇಳುವ ಹಕ್ಕನ್ನು 18ರ ವಯಸ್ಸಿನಲ್ಲಿ ಒಂದು ಚೀಲಕ್ಕೆ ಬಿಟ್ಟುಕೊಟ್ಟಂತಾಗುತ್ತದೆ.

ಎಲ್ಲರನ್ನೂ ಬಿಟ್ಟು ಹುಡುಗರ ಹಿಂದೆಯೇ ಯಾಕೆ ಬೀಳ್ತಾರೆ?

ಹಿರಿಯರ ಮತ ಹೆಚ್ಚುಕಡಿಮೆ ನಿಗದಿಯಾಗಿರುತ್ತದೆ: ಪಕ್ಷ, ಜಾತಿ, ಹಳೆಯ ಪರಿಚಯ, ಹಳೆಯ ಜಗಳ. ಹೊಸ ಮತದಾರನದ್ದು ಇನ್ನೂ ಖಾಲಿ. ಅವನ ಹತ್ತಿರ ಬೈಕು ಇದೆ, ಫೋನು ಇದೆ, ಬಿಡುವಿದೆ. ಕೆಲಸ ಸಿಗದೆ ಊರಲ್ಲೇ ಉಳಿದಿದ್ದರೆ ಬಿಡುವು ಇನ್ನೂ ಜಾಸ್ತಿ. ಒಂದು ತಂಡದ ಕ್ಯಾಪ್ಟನ್ ಒಲಿದರೆ ಹದಿನೈದು ಮನೆಗಳ ಬಾಗಿಲು ತೆರೆಯುತ್ತದೆ.

ಮತದಾನದ ವಯಸ್ಸು ಮೊದಲು 21 ಇತ್ತು. ಸಂವಿಧಾನದ 61ನೇ ತಿದ್ದುಪಡಿಯಿಂದ 1989ರಲ್ಲಿ 18ಕ್ಕೆ ಇಳಿಯಿತು. ಯುವಕರ ಮಾತಿಗೆ ಬೆಲೆ ಬರಲಿ ಅನ್ನುವುದು ಉದ್ದೇಶವಾಗಿತ್ತು. ಬೆಲೆಯೇನೋ ಬಂತು, ಕೂಪನ್ನಿನ ರೂಪದಲ್ಲಿ.

ಕಾನೂನು ಏನು ಹೇಳುತ್ತೆ?

ಎರಡು ಕಾನೂನುಗಳಿವೆ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 123(1)ನೇ ಕಲಮಿನ ಪ್ರಕಾರ ಅಭ್ಯರ್ಥಿ, ಅವರ ಏಜೆಂಟ್ ಅಥವಾ ಅವರ ಒಪ್ಪಿಗೆ ಪಡೆದ ಬೇರೆ ಯಾರೇ ಆಗಲಿ ಮತದಾರರಿಗೆ ಆಮಿಷ ಒಡ್ಡಿದರೆ ಅದು ಭ್ರಷ್ಟ ಆಚರಣೆ. ಸಾಬೀತಾದರೆ ಆಯ್ಕೆ ಅಸಿಂಧುವಾಗುತ್ತದೆ. ಇನ್ನೊಂದು ಭಾರತೀಯ ನ್ಯಾಯ ಸಂಹಿತೆಯ 170ನೇ ಕಲಮು. ಹಳೆಯ ಐಪಿಸಿಯಲ್ಲಿ 171-ಬಿ ಇತ್ತಲ್ಲ, ಅದೇ ಇದು. ಚುನಾವಣಾ ಲಂಚಕ್ಕೆ ಒಂದು ವರ್ಷದವರೆಗೆ ಜೈಲು ಅಥವಾ ದಂಡ, ಇಲ್ಲವೇ ಎರಡೂ. ತಿನ್ನಿಸಿ ಕುಡಿಸಿ ಒಲಿಸಿಕೊಂಡದ್ದಷ್ಟೇ ಆದರೆ ಬರೀ ದಂಡ. ಬಾಡೂಟ ಹಾಕಿಸುವವರಿಗೆ ಈ ಕೊನೆಯ ಸಾಲು ಚೆನ್ನಾಗಿ ಗೊತ್ತಿರುತ್ತದೆ.

ಬಹಳ ಜನಕ್ಕೆ ಗೊತ್ತಿಲ್ಲದ ತೊಡಕೊಂದಿದೆ. ಈ ಲಂಚ ಅಸಂಜ್ಞೇಯ ಅಪರಾಧ. ಎಂದರೆ ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ಪೊಲೀಸರು ತನಿಖೆ ನಡೆಸುವಂತಿಲ್ಲ. ಚುನಾವಣೆಯ ಗದ್ದಲದಲ್ಲಿ ಆ ಅನುಮತಿಯನ್ನು ಸರಿಯಾಗಿ ಪಡೆಯದೆ ದಾಖಲಿಸಿದ ಕೇಸುಗಳು ಆಮೇಲೆ ಹೈಕೋರ್ಟಿನಲ್ಲಿ ಬಿದ್ದುಹೋಗಿವೆ. ಕುಕ್ಕರ್ ಸಿಕ್ಕಿದ್ದು ನಿಜ, ಹಂಚುತ್ತಿದ್ದುದೂ ನಿಜ, ಆದರೂ ಕೇಸು ನಿಲ್ಲಲಿಲ್ಲ ಅನ್ನುವಂತಾಗುತ್ತದೆ.

ಚುನಾವಣೆ ಘೋಷಣೆಗೆ ಆರು ತಿಂಗಳು ಮುಂಚೆಯೇ ಕೊಟ್ಟರೆ?

ಜಾಣರು ಹಾಗೇ ಮಾಡುವುದು. ನೀತಿ ಸಂಹಿತೆ ಶುರುವಾಗುವುದೇ ವೇಳಾಪಟ್ಟಿ ಪ್ರಕಟವಾದ ದಿನ. ಕರ್ನಾಟಕದಲ್ಲಿ 2023ರ ಚುನಾವಣೆಗೆ ಅದು ಮಾರ್ಚ್ 29. ಅದರ ಹಿಂದಿನ ದಿನದವರೆಗೂ ಯಾತ್ರೆಗೆ ಬಸ್ಸು, ಸೀರೆ, ಕುಕ್ಕರ್, ಟೂರ್ನಮೆಂಟಿನ ಟ್ರೋಫಿ ಎಲ್ಲವೂ ‘ಸಮಾಜಸೇವೆ’. ಪ್ರಜಾಪ್ರತಿನಿಧಿ ಕಾಯ್ದೆ ಹಿಡಿಯುವುದು ಅಭ್ಯರ್ಥಿಯನ್ನು. ನಾಮಪತ್ರವನ್ನೇ ಸಲ್ಲಿಸದವರನ್ನು ಅಭ್ಯರ್ಥಿ ಎಂದು ಸಾಬೀತು ಮಾಡುವುದು ಕಷ್ಟ.

ನ್ಯಾಯ ಸಂಹಿತೆಯ 170ನೇ ಕಲಮು ‘ಯಾರೇ ಆಗಲಿ’ ಎನ್ನುತ್ತದೆ, ದಿನಾಂಕದ ಗೆರೆ ಎಳೆಯುವುದಿಲ್ಲ. ಆದರೆ ಕೊಟ್ಟದ್ದು ಮತಕ್ಕಾಗಿಯೇ ಎಂದು ತೋರಿಸಿಕೊಡಬೇಕು. ದಸರಾಕ್ಕೆ ಕೊಟ್ಟ ಟೀ ಶರ್ಟಿಗೂ ಮೇ ತಿಂಗಳ ಮತಕ್ಕೂ ಗಂಟು ಹಾಕಿ ತೋರಿಸುವ ಸಾಕ್ಷಿ ಯಾರು?

ಕಾನೂನಿನ ಕೈಗೆ ಸಿಗುವುದಿಲ್ಲ ಎಂದಮಾತ್ರಕ್ಕೆ ಅದು ಸರಿಯಾಗಿಬಿಡುವುದಿಲ್ಲ. ನಾನೊಂದು ಸುಲಭದ ಪರೀಕ್ಷೆ ಹೇಳುತ್ತೇನೆ: ಚುನಾವಣೆಗೆ ನಿಲ್ಲುವ ಯೋಚನೆ ಇಲ್ಲದಿದ್ದಾಗ ಈ ಮನುಷ್ಯ ನಮ್ಮೂರಿಗೆ ಬಂದಿದ್ದನೇ? ಗೆದ್ದ ಮೇಲೆ, ಅಥವಾ ಸೋತ ಮೇಲೆ, ಟೂರ್ನಮೆಂಟು ಮುಂದುವರಿದಿದೆಯೇ? ಸೋತ ಮೇಲೂ ಇಪ್ಪತ್ತು ವರ್ಷ ಹಾಸ್ಟೆಲು ನಡೆಸಿದವರಿದ್ದರೆ ಅವರಿಗೆ ನನ್ನ ನಮಸ್ಕಾರ.

ತಗೊಂಡವರದ್ದೂ ತಪ್ಪಾ?

ಕಾನೂನಿನ ಪ್ರಕಾರ ಹೌದು. ಮತ ಹಾಕುವುದಕ್ಕೋ ಹಾಕದಿರುವುದಕ್ಕೋ ಪ್ರತಿಫಲ ಪಡೆದವರೂ ಅದೇ ಕಲಮಿನಡಿ ಬರುತ್ತಾರೆ.

ನೈತಿಕವಾಗಿ ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನನಗೆ ಮನಸ್ಸು ಬರುವುದಿಲ್ಲ. ಕೊಡುವವನಿಗೆ ಲೆಕ್ಕವಿದೆ, ವಕೀಲರಿದ್ದಾರೆ, ಹಾಕಿದ್ದನ್ನು ವಾಪಸು ತೆಗೆಯುವ ದಾರಿ ಗೊತ್ತಿದೆ. ಇಸಿದುಕೊಳ್ಳುವ ಹುಡುಗನಿಗೆ ಬೇಡ ಅನ್ನುವುದೇ ಕಷ್ಟ. ತಂಡದ ಹದಿನಾಲ್ಕು ಜನ ಕೈ ಚಾಚಿದಾಗ ಹದಿನೈದನೆಯವನು ‘ನನಗೆ ಬೇಡ’ ಅಂದರೆ ಅವನನ್ನು ಎದುರು ಪಾರ್ಟಿಯವನು ಅನ್ನುತ್ತಾರೆ. ಅವನ ಅಪ್ಪನ ಪಹಣಿ ಕೆಲಸ, ಅಜ್ಜಿಯ ಪಿಂಚಣಿ ಅರ್ಜಿ ಅದೇ ಮುಖಂಡರ ಕೈ ದಾಟಿ ಹೋಗಬೇಕಾಗಿರುತ್ತದೆ. ಬೇಡ ಅನ್ನುವ ಸ್ವಾತಂತ್ರ್ಯವೇ ಇಲ್ಲದ ಕಡೆ ತೆಗೆದುಕೊಂಡವನನ್ನು ಬೈದು ಏನು ಬಂತು?

‘ದುಡ್ಡು ಎಲ್ಲರ ಹತ್ತಿರ ಇಸ್ಕೋ, ಓಟು ಮನಸ್ಸಿಗೆ ಬಂದವರಿಗೆ ಹಾಕು’ ಅಂತಾರಲ್ಲ, ಸರಿ ತಾನೆ?

ಕೇಳುವುದಕ್ಕೆ ಜಾಣತನ ಅನ್ನಿಸುತ್ತದೆ. 2017ರ ಗೋವಾ ಚುನಾವಣೆಯಲ್ಲಿ ಅರವಿಂದ ಕೇಜ್ರಿವಾಲ್ ಇದೇ ಧಾಟಿಯಲ್ಲಿ, ಬೇರೆ ಪಕ್ಷದವರು ದುಡ್ಡು ಕೊಟ್ಟರೆ ತೆಗೆದುಕೊಂಡು ತಮ್ಮ ಪಕ್ಷಕ್ಕೆ ಮತ ಹಾಕಿ ಎಂದು ಹೇಳಿ ಚುನಾವಣಾ ಆಯೋಗದಿಂದ ಛೀಮಾರಿ ಹಾಕಿಸಿಕೊಂಡಿದ್ದರು.

ನನಗೆ ಈ ಸಲಹೆ ಒಪ್ಪಿಗೆಯಾಗದಿರುವುದಕ್ಕೆ ಕಾರಣ ಬೇರೆ. ಎಲ್ಲರಿಂದಲೂ ಇಸಿದುಕೊಳ್ಳುವುದು ವಾಡಿಕೆಯಾದರೆ ಎಲ್ಲರೂ ಕೊಡಲೇಬೇಕಾಗುತ್ತದೆ. ಆಗ ಕೊಡಲಾಗದವರು ನಾಮಪತ್ರ ಹಾಕುವ ಮಾತೇ ಇಲ್ಲ. ವಿಧಾನಸಭೆಗೆ ನಿಲ್ಲುವವರಿಗೆ ನಮ್ಮಂಥ ದೊಡ್ಡ ರಾಜ್ಯಗಳಲ್ಲಿ ಖರ್ಚಿನ ಮಿತಿ 40 ಲಕ್ಷ, ಲೋಕಸಭೆಗೆ 95 ಲಕ್ಷ. ನಿಮ್ಮ ಕ್ಷೇತ್ರದಲ್ಲಿ ನಿಜವಾಗಿ ಎಷ್ಟಾಗುತ್ತದೆ ಎಂದು ಚಹದಂಗಡಿಯಲ್ಲಿ ಕೇಳಿ ನೋಡಿ. ನಿಮ್ಮದೇ ಕಾಲೇಜಿನಲ್ಲಿ ಚೆನ್ನಾಗಿ ಮಾತಾಡುವ, ಬಸ್ ಪಾಸಿಗಾಗಿ ಹೋರಾಡಿದ ಹುಡುಗಿ ನಾಳೆ ತಾಲ್ಲೂಕು ಪಂಚಾಯಿತಿಗೂ ನಿಲ್ಲಲಾರಳು. ಎಲ್ಲರ ಹತ್ತಿರ ಇಸಿದುಕೊಂಡ ನೀವು ಆಮೇಲೆ ಮನಸ್ಸಿಗೆ ಬಂದವರಿಗೆ ಹಾಕಬಹುದು ನಿಜ, ಆದರೆ ಮನಸ್ಸಿಗೆ ಬರುವಂಥವರು ಕಣದಲ್ಲೇ ಇರುವುದಿಲ್ಲ.

ದೇವರ ಫೋಟೊ ಮುಟ್ಟಿಸಿ ಆಣೆ ಮಾಡಿಸಿಕೊಂಡಿದ್ದಾರೆ. ಈಗ ಬೇರೆಯವರಿಗೆ ಹಾಕಿದರೆ?

ಈ ಪ್ರಶ್ನೆ ಕೇಳುವಾಗ ಹುಡುಗರ ಮುಖ ಚಿಕ್ಕದಾಗಿರುತ್ತದೆ. ನಗಬೇಡಿ. ವೀಳ್ಯದೆಲೆ, ಅರಿಶಿನ ಕುಂಕುಮದ ಜತೆ ನೋಟು ಇಟ್ಟು ಮಂಜುನಾಥನ ಹೆಸರು ಹೇಳಿಸುವವರು ಸುಮ್ಮನೆ ಹಾಗೆ ಮಾಡುವುದಿಲ್ಲ. ಉಂಡ ಮನೆಗೆ ಎರಡು ಬಗೆಯಬಾರದು ಎಂದು ನಮ್ಮನ್ನು ಬೆಳೆಸಿದ್ದಾರೆ. ಕೊಟ್ಟವರ ಋಣ ಇಟ್ಟುಕೊಳ್ಳಬಾರದು ಅನ್ನುವುದು ಒಳ್ಳೆಯ ಗುಣ. ಉಡುಗೊರೆ ಹಂಚುವವರು ಬಂಡವಾಳ ಮಾಡಿಕೊಳ್ಳುವುದು ನಿಮ್ಮ ಆ ಒಳ್ಳೆಯ ಗುಣವನ್ನೇ. ದುರಾಸೆಯವರ ಮೇಲೆ ಈ ತಂತ್ರ ನಡೆಯುವುದಿಲ್ಲ, ಮಾನಸ್ಥರ ಮೇಲೆ ನಡೆಯುತ್ತದೆ.

ಕಾನೂನಿನಲ್ಲಂತೂ ಅಂಥ ಆಣೆಗೆ ಕಿಮ್ಮತ್ತಿಲ್ಲ. ಇಂಥವರಿಗೆ ಹಾಕದಿದ್ದರೆ ದೇವರು ಮುನಿಯುತ್ತಾನೆ ಎಂದು ಹೆದರಿಸುವುದೇ ಪ್ರಜಾಪ್ರತಿನಿಧಿ ಕಾಯ್ದೆಯಲ್ಲಿ ಪ್ರತ್ಯೇಕ ತಪ್ಪು. ಇನ್ನು ಮನಸ್ಸಿನ ಮಾತು. ಅಪರಾಧ ಮಾಡುತ್ತೇನೆ ಎಂದು ಮಾಡಿಸಿಕೊಂಡ ಪ್ರಮಾಣ ನಿಮ್ಮನ್ನು ಕಟ್ಟಿಹಾಕುವುದಿಲ್ಲ ಎಂದು ನಾನು ನಂಬಿದ್ದೇನೆ. ಮನಸ್ಸು ಒಪ್ಪದಿದ್ದರೆ ಮನೆಯ ಹಿರಿಯರ ಹತ್ತಿರ ಮಾತಾಡಿ. ನನ್ನ ಅನುಭವದಲ್ಲಿ ಅಜ್ಜಿಯರು ಇಂಥ ಆಣೆಯನ್ನು ಒಂದೇ ಮಾತಿನಲ್ಲಿ ಬಿಡಿಸಿ ಕಳಿಸುತ್ತಾರೆ.

ಬೈಕ್ ರ‍್ಯಾಲಿಗೆ ಪೆಟ್ರೋಲ್ ಹಾಕಿಸಿಕೊಟ್ಟರು, ಬಿರಿಯಾನಿ ಕೊಟ್ಟರು. ಅದೂ ಲಂಚವಾ?

ರ‍್ಯಾಲಿಗೆ ಪಕ್ಷದ ಕಾರ್ಯಕರ್ತರು ಸುಡುವ ಪೆಟ್ರೋಲು ಪ್ರಚಾರದ ಖರ್ಚು. ಅಭ್ಯರ್ಥಿಯ ಲೆಕ್ಕದಲ್ಲಿ ತೋರಿಸಿದರೆ ಮುಗಿಯಿತು. ವಾಸ್ತವದಲ್ಲಿ ಏನಾಗುತ್ತದೆ? ಹಿಂದಿನ ರಾತ್ರಿ ಸಹಿ ಹಾಕಿದ ಸಣ್ಣ ಚೀಟಿಗಳು ಬರುತ್ತವೆ. ಚೀಟಿಯಲ್ಲಿ ಹೆಸರಿಲ್ಲ, ಪಕ್ಷವಿಲ್ಲ, ಒಂದು ಗುರುತು ಮತ್ತು ಲೀಟರು. ಗೊತ್ತಾದ ಬಂಕಿಗೆ ಹೋದರೆ ಟ್ಯಾಂಕಿಗೆ ಬೀಳುತ್ತದೆ. ಅದು ಯಾವ ಲೆಕ್ಕಕ್ಕೂ ಸೇರುವುದಿಲ್ಲ. ರ‍್ಯಾಲಿಗೆ ಬಂದವರು ಬೆಳಿಗ್ಗೆ ಒಂದು ಪಕ್ಷದ ಶಾಲು, ಸಂಜೆ ಇನ್ನೊಂದು ಪಕ್ಷದ ಶಾಲು ಹಾಕಿಕೊಳ್ಳುವುದನ್ನು ನೀವೂ ಕಂಡಿರುತ್ತೀರಿ. ಇದನ್ನು ಲಂಚಕ್ಕಿಂತ ದಿನಗೂಲಿ ಎನ್ನುವುದು ಮೇಲು. ನನ್ನನ್ನು ಚಿಂತೆಗೆ ಹಚ್ಚುವುದು ಹೆಲ್ಮೆಟ್ ಇಲ್ಲದೆ ಮೂರು ಮೂರು ಜನ ಕೂತು ಓಡಿಸುವುದು. ಕೈಕಾಲು ಮುರಿದರೆ ಚೀಟಿ ಕೊಟ್ಟವರು ಆಸ್ಪತ್ರೆಗೆ ಬರುವುದಿಲ್ಲ.

ಹಾಗಾದರೆ ಯುವನಿಧಿ ಲಂಚ ಅಲ್ವಾ? ಲ್ಯಾಪ್‌ಟಾಪ್, ಸೈಕಲ್?

ಅತಿ ಹೆಚ್ಚು ಜಗಳ ಆಗುವುದು ಈ ಪ್ರಶ್ನೆಗೆ. ಕೇಳುವವರ ದನಿಯಲ್ಲೇ ಅವರ ಪಕ್ಷ ಯಾವುದೆಂದು ಗೊತ್ತಾಗಿಬಿಡುತ್ತದೆ.

ಮೊದಲು ಕಾನೂನು. ತಮಿಳುನಾಡಿನ ಉಚಿತ ಟಿವಿ, ಲ್ಯಾಪ್‌ಟಾಪ್‌ಗಳ ವಿಚಾರದಲ್ಲಿ ಸುಬ್ರಮಣಿಯಂ ಬಾಲಾಜಿ ಎಂಬವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರ ಜುಲೈನಲ್ಲಿ ತೀರ್ಪು ಕೊಟ್ಟಿತು. ಪ್ರಣಾಳಿಕೆಯ ಭರವಸೆ 123ನೇ ಕಲಮಿನ ಅರ್ಥದಲ್ಲಿ ಭ್ರಷ್ಟ ಆಚರಣೆ ಅಲ್ಲ ಎಂದಿತು. ಅದೇ ಉಸಿರಿನಲ್ಲಿ, ಇಂಥ ಉಚಿತ ಕೊಡುಗೆಗಳು ಮುಕ್ತ ಚುನಾವಣೆಯ ಬುಡವನ್ನೇ ಅಲ್ಲಾಡಿಸುತ್ತವೆ ಎಂದೂ ಹೇಳಿ ಆಯೋಗಕ್ಕೆ ಮಾರ್ಗಸೂಚಿ ರೂಪಿಸಲು ಸೂಚಿಸಿತು. 2014ರಲ್ಲಿ ನೀತಿ ಸಂಹಿತೆಗೆ ಪ್ರಣಾಳಿಕೆಯ ಭಾಗ ಸೇರಿದ್ದು ಹಾಗೆ. ಆ ತೀರ್ಪನ್ನು ಮರುಪರಿಶೀಲಿಸಬೇಕೆಂಬ ವಿಷಯ 2022ರ ಆಗಸ್ಟ್‌ನಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠಕ್ಕೆ ಹೋಯಿತು. ನಮ್ಮಲ್ಲಿ ಚಾಮರಾಜಪೇಟೆ ಕ್ಷೇತ್ರದ ಮತದಾರರೊಬ್ಬರು ಕಾಂಗ್ರೆಸ್ಸಿನ ಐದು ಗ್ಯಾರಂಟಿಗಳೇ ಲಂಚ ಎಂದು 2023ರ ಆಯ್ಕೆಯನ್ನು ಪ್ರಶ್ನಿಸಿದ್ದರು. ಹೈಕೋರ್ಟ್ ಒಪ್ಪಲಿಲ್ಲ, 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಕೂಡ ಒಪ್ಪಲಿಲ್ಲ.

ಈಗ ನನ್ನ ಮಾತು. ಯುವನಿಧಿಯನ್ನು ಕಾಂಗ್ರೆಸ್ ಘೋಷಿಸಿದ್ದು 2023ರ ಮಾರ್ಚ್‌ನಲ್ಲಿ, ಬೆಳಗಾವಿಯ ಯುವ ಸಮಾವೇಶದಲ್ಲಿ. ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಆದವರಿಗೆ 1,500, ಎರಡು ವರ್ಷದವರೆಗೆ. ಆ ವರ್ಷ ಬಿಜೆಪಿ ಹಬ್ಬಗಳಿಗೆ ಮೂರು ಸಿಲಿಂಡರು, ದಿನಕ್ಕೆ ಅರ್ಧ ಲೀಟರ್ ನಂದಿನಿ ಹಾಲಿನ ಭರವಸೆ ಕೊಟ್ಟಿತು. ಜೆಡಿಎಸ್‌ನ ಕುಮಾರಸ್ವಾಮಿ ಅವರು ರೈತರ ಮಕ್ಕಳನ್ನು ಮದುವೆಯಾಗುವ ಹುಡುಗಿಯರಿಗೆ 2 ಲಕ್ಷ ಎಂದರು. ನಾನು ಕೇಳಿದ ಯುವಜನ ಯೋಜನೆಗಳಲ್ಲೆಲ್ಲ ತೀರಾ ನೇರವಾದದ್ದು ಇದೇ! 2022ರಲ್ಲಿ ‘ರೇವಡಿ’ ರಾಜಕಾರಣದಿಂದ, ಅಂದರೆ ಉಚಿತ ಕೊಡುಗೆ ಹಂಚುವ ರಾಜಕಾರಣದಿಂದ, ದೂರವಿರಿ ಎಂದು ಪ್ರಧಾನಿ ಮೋದಿ ಹೇಳಿದ್ದೂ ಮುಖ್ಯವಾಗಿ ಯುವಕರನ್ನು ಉದ್ದೇಶಿಸಿಯೇ. ಯಾವ ಪಕ್ಷವೂ ಇದರಿಂದ ಹೊರಗಿಲ್ಲ.

ಆದರೂ ಯುವನಿಧಿಯನ್ನೂ ಕ್ರಿಕೆಟ್ ಕಿಟ್ಟನ್ನೂ ಒಂದೇ ಎನ್ನುವುದಕ್ಕೆ ನಾನು ತಯಾರಿಲ್ಲ. ಯೋಜನೆಯ ಭರವಸೆ ಬಹಿರಂಗ. ದುಡ್ಡು ಎಲ್ಲಿಂದ ಬರುತ್ತದೆ ಎಂದು ಎದುರಾಳಿ ಕೇಳಬಹುದು, ಬಜೆಟ್ಟಿನಲ್ಲಿ ಚರ್ಚೆ ಆಗುತ್ತದೆ, ಪತ್ರಿಕೆ ಬರೆಯುತ್ತದೆ. ಮತ ಹಾಕದವನಿಗೂ ಅರ್ಹತೆ ಇದ್ದರೆ ಸಿಗುತ್ತದೆ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಯುವನಿಧಿಯ ಮೊದಲ ಕಂತು ಬಿಡುಗಡೆಯಾದಾಗ ಯಾರ ಖಾತೆಗೂ ‘ನೀನು ಯಾರಿಗೆ ಹಾಕಿದೆ’ ಎಂದು ಕೇಳಿ ದುಡ್ಡು ಹಾಕಲಿಲ್ಲ. ಮುಖ್ಯವಾಗಿ, ಸಿಗದಿದ್ದರೆ ನೀವು ಜೋರು ಮಾಡಿ ಕೇಳಬಹುದು. 2022-23ರಲ್ಲಿ ಪಾಸಾದವರಿಗೆ ಮಾತ್ರ ಯಾಕೆ, ಅದಕ್ಕೂ ಹಿಂದೆ ಪಾಸಾಗಿ ಖಾಲಿ ಕೂತವರು ಏನು ಮಾಡಬೇಕು ಎಂದು ಆಗ ಎಷ್ಟು ಹುಡುಗರು ಕೇಳಿದರು! ಕಿಟ್ ಕೊಟ್ಟವನನ್ನು ಹಾಗೆ ತಗಾದೆ ಮಾಡಲು ಆಗುತ್ತದೆಯೇ?

ಯೋಜನೆ ಒಳ್ಳೆಯದೋ ಕೆಟ್ಟದ್ದೋ ಅನ್ನುವುದು ಬೇರೆ ಜಗಳ. ಎಂಟನೇ ತರಗತಿ ಮಕ್ಕಳಿಗೆ 2006-07ರಿಂದ ಕೊಟ್ಟ ಸೈಕಲ್ಲಿನಿಂದ ಹೈಸ್ಕೂಲು ದೂರವಿದ್ದ ಹುಡುಗಿಯರಿಗೆ ಅನುಕೂಲವಾಯಿತೆಂದು ನನಗನ್ನಿಸುತ್ತದೆ. ಅವರಿಗಾಗ ಮತವೂ ಇರಲಿಲ್ಲ. ತಿಂಗಳ ಭತ್ಯೆಯ ಬದಲು ಖಾಲಿ ಬಿದ್ದಿರುವ ಸರ್ಕಾರಿ ಹುದ್ದೆ ತುಂಬಿ ಎನ್ನುವುದೂ ನ್ಯಾಯವಾದ ವಾದ. ವಾದ ಮಾಡಲು ಜಾಗ ಇದೆಯಲ್ಲ, ಅಷ್ಟು ಸಾಕು ನನಗೆ.

ಗ್ಯಾರಂಟಿ ಕಾರ್ಡ್ ಅಂತ ಮನೆಗೆ ತಂದು ಹೆಸರು, ಫೋನ್ ನಂಬರ್ ಬರೆಸಿಕೊಂಡರೆ?

ಅಲ್ಲಿ ಗೆರೆ ದಾಟಿದ ಹಾಗೆ. ಎಲ್ಲರಿಗೂ ಕೊಡುತ್ತೇವೆ ಎನ್ನುವುದು ಭರವಸೆ, ನಿಮ್ಮ ಹೆಸರು ಬರೆದುಕೊಂಡು ನಿಮಗೆ ಕೊಡುತ್ತೇವೆ ಎನ್ನುವುದು ವ್ಯವಹಾರ. ಸಮೀಕ್ಷೆಯ ನೆಪದಲ್ಲಿ ಫಲಾನುಭವಿಗಳ ನೋಂದಣಿ ನಡೆಸಬಾರದು ಎಂದು 2024ರ ಮೇ ತಿಂಗಳಲ್ಲಿ ಚುನಾವಣಾ ಆಯೋಗ ಎಲ್ಲ ಪಕ್ಷಗಳಿಗೂ ತಾಕೀತು ಮಾಡಿತ್ತು. ಓಟಿಪಿಯನ್ನಂತೂ ಯಾರಿಗೂ ಕೊಡಬೇಡಿ.

ಉದ್ಯೋಗ ಮೇಳ, ಪಿಎಸ್‌ಐ ಪರೀಕ್ಷೆಗೆ ಉಚಿತ ಕೋಚಿಂಗ್ ಮಾಡಿಸ್ತಾರಲ್ಲ, ಅದು ಒಳ್ಳೆಯದೇ ತಾನೆ?

ಬಹುಪಾಲು ಒಳ್ಳೆಯದೇ. ಕಲಿತದ್ದು ನಿಮ್ಮಲ್ಲೇ ಉಳಿಯುತ್ತದೆ. ಮೇಳದ ಬಗ್ಗೆ ಮಾತ್ರ ಎರಡು ಮಾತು ಕೇಳಿ: ಎಷ್ಟು ಜನಕ್ಕೆ ಆಫರ್ ಲೆಟರ್ ಸಿಕ್ಕಿತು ಅನ್ನುವುದಕ್ಕಿಂತ ಎಷ್ಟು ಜನ ಮೂರು ತಿಂಗಳಾದ ಮೇಲೂ ಆ ಕೆಲಸದಲ್ಲಿದ್ದಾರೆ, ಸಂಬಳದಲ್ಲಿ ಬೆಂಗಳೂರಿನ ಪಿಜಿ ಬಾಡಿಗೆ ಕಟ್ಟಿ ಏನುಳಿಯುತ್ತದೆ. ವೇದಿಕೆಯ ಮೇಲಿನ ಫ್ಲೆಕ್ಸು ದೊಡ್ಡದಿದ್ದಷ್ಟೂ ಈ ಉತ್ತರ ಸಿಗುವುದು ಕಷ್ಟ.

ಮತ ಹಾಕಿ ಬಂದು ಬೆರಳ ಶಾಯಿ ತೋರಿಸಿದರೆ ಹೋಟೆಲಲ್ಲಿ ದೋಸೆ ಫ್ರೀ. ಇದೂ ಆಮಿಷವಾ?

2024ರ ಲೋಕಸಭಾ ಚುನಾವಣೆಯಲ್ಲಿ ಬೆಂಗಳೂರಿನ ಕೆಲವು ಹೋಟೆಲುಗಳು ಹೀಗೆ ದೋಸೆ, ಜ್ಯೂಸು ಕೊಟ್ಟವು, ಇನ್ನು ಕೆಲವರು ರಿಯಾಯಿತಿ ಕೊಟ್ಟರು. ಇಂಥವರಿಗೇ ಹಾಕಿ ಎಂದು ಅವರು ಹೇಳುವುದಿಲ್ಲವಾದ್ದರಿಂದ ನನಗದು ದೊಡ್ಡ ಪಾಪ ಅನ್ನಿಸುವುದಿಲ್ಲ. ಅಮೆರಿಕದಲ್ಲಿ ಇದಕ್ಕೂ ಕಟ್ಟುನಿಟ್ಟು. ಅಲ್ಲಿನ ಕೇಂದ್ರ ಕಾನೂನಿನಂತೆ ಮತ ಹಾಕಿದ್ದಕ್ಕೆ ಪ್ರತಿಫಲ ಕೊಡುವುದೇ ಅಪರಾಧ. 2008ರಲ್ಲಿ ಸ್ಟಾರ್‌ಬಕ್ಸ್ ಮತದಾರರಿಗೆ ಉಚಿತ ಕಾಫಿ ಎಂದು ಘೋಷಿಸಿ, ಆಮೇಲೆ ಕೇಳಿದವರಿಗೆಲ್ಲ ಕೊಡಬೇಕಾಯಿತು. 2024ರಲ್ಲಿ ಇಲಾನ್ ಮಸ್ಕ್ ಅವರ ಗುಂಪು ಮನವಿಗೆ ಸಹಿ ಹಾಕಿದ ನೋಂದಾಯಿತ ಮತದಾರರಲ್ಲಿ ದಿನಕ್ಕೊಬ್ಬರಿಗೆ ಹತ್ತು ಲಕ್ಷ ಡಾಲರ್ ಕೊಟ್ಟಾಗ ವಿಷಯ ಫಿಲಡೆಲ್ಫಿಯಾದ ಕೋರ್ಟಿಗೆ ಹೋಯಿತು, ತಡೆ ಸಿಗಲಿಲ್ಲ. ದೋಸೆ ಎಲ್ಲಿ, ಹತ್ತು ಲಕ್ಷ ಡಾಲರ್ ಎಲ್ಲಿ!

ಹಳ್ಳಿಯವರು, ಬಡವರೇ ಅಲ್ವಾ ಓಟು ಮಾರಿಕೊಳ್ಳೋದು?

ಅಲ್ಲ. ನಗರದಲ್ಲಿ ಅದಕ್ಕೆ ಬೇರೆ ಹೆಸರುಗಳಿವೆ. ಅಪಾರ್ಟ್‌ಮೆಂಟಿಗೆ ಬೋರ್‌ವೆಲ್, ಜಿಮ್ ಉಪಕರಣ, ಸಂಘದ ಹಬ್ಬಕ್ಕೆ ಆರ್ಕೆಸ್ಟ್ರಾ. ಅದನ್ನು ಒಪ್ಪಿಕೊಳ್ಳುವವರು ಆಮೇಲೆ ಐನೂರು ರೂಪಾಯಿ ಇಸಿದುಕೊಂಡ ಕೂಲಿಯವರ ಬಗ್ಗೆ ಭಾಷಣ ಮಾಡುತ್ತಾರೆ.

ಇಷ್ಟೆಲ್ಲ ಹಂಚಿದರೂ ಯಾರಿಗೂ ಏನೂ ಆಗಲ್ಲವಲ್ಲ?

ಏನೂ ಆಗುವುದಿಲ್ಲ ಎನ್ನಲಾಗದು, ಆದರೆ ತಡವಾಗಿ ಆಗುತ್ತದೆ. 2018ರಲ್ಲಿ ತುಮಕೂರು ಗ್ರಾಮಾಂತರದಲ್ಲಿ ನಕಲಿ ವಿಮಾ ಬಾಂಡ್ ಹಂಚಿದ ಪ್ರಕರಣ ನೆನಪಿರಬಹುದು. ಹೈಕೋರ್ಟ್ ಅಲ್ಲಿನ ಶಾಸಕರ ಆಯ್ಕೆಯನ್ನು ಅಸಿಂಧುಗೊಳಿಸಿದ್ದು 2023ರ ಮಾರ್ಚ್ 30ರಂದು. ಅಷ್ಟರಲ್ಲಿ ಮುಂದಿನ ಚುನಾವಣೆಗೆ ಆರೇ ವಾರ ಉಳಿದಿತ್ತು. ಅವಧಿ ಪೂರ್ತಿ ಮುಗಿದಂತೆಯೇ. ತಡೆ ಪಡೆದು ಮತ್ತೆ ನಿಂತರು, ಸೋತರು. ಚುನಾವಣಾ ತಕರಾರು ಅರ್ಜಿಯನ್ನು ಆರು ತಿಂಗಳಲ್ಲಿ ಮುಗಿಸಲು ಯತ್ನಿಸಬೇಕು ಎಂದು ಕಾನೂನಿನಲ್ಲೇ ಇದೆ. ಯತ್ನಿಸಬೇಕು, ಅಷ್ಟೆ.

2018ರಲ್ಲೇ ಬೆಂಗಳೂರಿನ ಜಾಲಹಳ್ಳಿಯ ಫ್ಲ್ಯಾಟೊಂದರಲ್ಲಿ ಹತ್ತು ಸಾವಿರದಷ್ಟು ಮತದಾರರ ಗುರುತಿನ ಚೀಟಿಗಳು ಸಿಕ್ಕಿ, ರಾಜರಾಜೇಶ್ವರಿ ನಗರದ ಮತದಾನ ಮೇ 28ಕ್ಕೆ ಮುಂದೆ ಹೋಯಿತು. ಚೆನ್ನೈನ ಆರ್.ಕೆ. ನಗರದ 2017ರ ಉಪಚುನಾವಣೆಯೂ ದುಡ್ಡಿನ ಹಂಚಿಕೆಯಿಂದ ಒಮ್ಮೆ ರದ್ದಾಗಿತ್ತು. ಜಪ್ತಿಯ ಲೆಕ್ಕ ನೋಡಿದರೆ, 2023ರ ಕರ್ನಾಟಕದ ಚುನಾವಣೆಯಲ್ಲಿ ನಗದು, ಮದ್ಯ, ಮಾದಕ ವಸ್ತು, ಚಿನ್ನ ಬೆಳ್ಳಿ, ಉಡುಗೊರೆ ಎಲ್ಲ ಸೇರಿ 375 ಕೋಟಿ ರೂಪಾಯಿಗೂ ಹೆಚ್ಚು. 2018ರಲ್ಲಿ ಸುಮಾರು 84 ಕೋಟಿ ಇತ್ತು. ಇದು ಸಿಕ್ಕಿಬಿದ್ದ ಲೆಕ್ಕ ಮಾತ್ರ.

ನಾನು ಯಾರಿಗೆ ಹಾಕಿದೆ ಅಂತ ಅವರಿಗೆ ಗೊತ್ತಾಗುತ್ತಾ?

ಇಲ್ಲ. ಮತಯಂತ್ರದ ಜತೆಗಿರುವ ವಿವಿಪ್ಯಾಟ್ ಯಂತ್ರದಲ್ಲಿ ನೀವು ಹಾಕಿದ ಮತದ ಚೀಟಿ ಏಳು ಸೆಕೆಂಡು ನಿಮ್ಮೊಬ್ಬರಿಗೆ ಕಾಣಿಸಿ ಪೆಟ್ಟಿಗೆಗೆ ಬೀಳುತ್ತದೆ. ‘ನಮಗೆಲ್ಲ ಗೊತ್ತಾಗುತ್ತೆ’ ಎನ್ನುವುದು ಬೆದರಿಕೆ, ಅಷ್ಟೆ. ಫೋಟೊ ತೆಗೆದು ತಾ ಎಂದರೆ ನೆನಪಿಡಿ: ಮತಗಟ್ಟೆಯೊಳಗೆ ಮೊಬೈಲಿನಲ್ಲಿ ಚಿತ್ರ ತೆಗೆದು ಸಿಕ್ಕಿಬಿದ್ದರೆ ಕೇಸು ನಿಮ್ಮ ಮೇಲೆ, ಕೇಳಿದವರ ಮೇಲಲ್ಲ.

ದೂರು ಕೊಡೋದು ಹೇಗೆ? ಹೆಸರು ಹೊರಗೆ ಬರುತ್ತಾ?

ಆ್ಯಪಿನಿಂದಲೇ ದೂರು ಕೊಡಲು ಚುನಾವಣಾ ಆಯೋಗದ ಸಿ-ವಿಜಿಲ್ ಎಂಬ ವ್ಯವಸ್ಥೆ ಇದೆ. ಸ್ಥಳದಲ್ಲೇ ಫೋಟೊ ಅಥವಾ ಎರಡು ನಿಮಿಷದವರೆಗಿನ ವಿಡಿಯೊ ತೆಗೆದು ಕಳಿಸಬೇಕು. ಗ್ಯಾಲರಿಯ ಹಳೆಯ ಚಿತ್ರ ಹಾಕಲು ಬರುವುದಿಲ್ಲ. ಹೆಸರು ಹೇಳದೆಯೂ ಕಳಿಸಬಹುದು. 100 ನಿಮಿಷದೊಳಗೆ ಕ್ರಮ ಆಗಬೇಕೆಂದು ನಿಯಮ. ಚುನಾವಣೆ ಘೋಷಣೆಯಾದ ಮೇಲಷ್ಟೇ ಇದು ಕೆಲಸ ಮಾಡುತ್ತದೆ. ಫೋನಿನಲ್ಲಾದರೆ 1950. ಹಂಚುವವರ ಎದುರಿಗೆ ನಿಂತು ವಿಡಿಯೊ ಮಾಡುವ ಸಾಹಸ ಬೇಡ. ವಾಹನದ ನಂಬರು, ಗೋದಾಮಿನ ಜಾಗ ತಿಳಿಸಿದರೂ ಚುನಾವಣಾ ಅಕ್ರಮ ತಡೆಯುವ ಫ್ಲೈಯಿಂಗ್ ಸ್ಕ್ವಾಡಿಗೆ ಸಾಕು. ಪಕ್ಷದವರ ವಾಹನದಲ್ಲಿ ದಾಖಲೆಯಿಲ್ಲದ 50,000ಕ್ಕೂ ಮೀರಿದ ನಗದು ಅಥವಾ 10,000 ರೂಪಾಯಿಗೂ ಮೀರಿದ ಹಂಚುವ ಸಾಮಾನು ಸಿಕ್ಕರೆ ಅವರು ಜಪ್ತಿ ಮಾಡಬಹುದು.

ನಾನೇ ಗ್ರಾಮ ಪಂಚಾಯಿತಿಗೆ ನಿಲ್ತಿದ್ದೀನಿ. ಏನೂ ಕೊಡದೆ ಹುಡುಗರನ್ನ ಸೆಳೆಯೋದು ಹೇಗೆ?

ಗ್ರಾಮಸಭೆಗೆ ಅವರನ್ನು ಕರೆದುಕೊಂಡು ಹೋಗಿ. ಊರಿನ ಸರ್ಕಾರಿ ಜಾಗದ ನಕ್ಷೆ ತೆಗೆಸಿ ಮೈದಾನ ಎಲ್ಲಿ ಮಾಡಬಹುದೆಂದು ಅವರ ಮುಂದೆಯೇ ಗುರುತಿಸಿ. ಉದ್ಯೋಗ ಖಾತ್ರಿ ಕೆಲಸದ ಪಟ್ಟಿ, ಗ್ರಂಥಾಲಯದ ಬೀಗ, ಸಂಜೆ ಬಸ್ಸಿನ ಸಮಯ, ನೆಟ್‌ವರ್ಕ್ ಸಿಗದ ಓಣಿ, ಇವುಗಳ ಮೇಲೆ ಅವರಿಂದಲೇ ಅರ್ಜಿ ಬರೆಸಿ, ಉತ್ತರ ಬರುವ ತನಕ ಜತೆಗೆ ಓಡಾಡಿ. ಹೀಗೆ ಮಾಡಿದರೆ ಗೆಲ್ಲುತ್ತೀರಿ ಎಂದು ಮಾತು ಕೊಡಲಾರೆ. ಎದುರಿನವರು ಕಿಟ್ ಹಂಚಿ ನಿಮ್ಮನ್ನು ಸೋಲಿಸಿಬಿಡಬಹುದು. ಆದರೆ ನಿಮ್ಮ ಜತೆ ಓಡಾಡಿದ ಹುಡುಗರಿಗೆ ತಹಶೀಲ್ದಾರ್ ಕಚೇರಿಯ ಮೆಟ್ಟಿಲು ಗೊತ್ತಾಗಿರುತ್ತದೆ.

ನನ್ನ ಹೆಸರೇ ಪಟ್ಟಿಯಲ್ಲಿಲ್ಲ. ಪಕ್ಷದವರು ‘ನಾವೇ ಸೇರಿಸಿಕೊಡ್ತೀವಿ, ಆಧಾರ್ ಕೊಡಿ’ ಅಂತಿದ್ದಾರೆ.

ನೋಂದಣಿಗೆ ಒಂದು ರೂಪಾಯಿ ಖರ್ಚಿಲ್ಲ, ಯಾರ ಉಪಕಾರವೂ ಬೇಕಿಲ್ಲ. ಬೂತ್ ಮಟ್ಟದ ಅಧಿಕಾರಿಯ ಹತ್ತಿರ ಅಥವಾ ಚುನಾವಣಾ ಆಯೋಗದ ಆ್ಯಪಿನಲ್ಲಿ ನಮೂನೆ 6 ತುಂಬಿ. 17 ತುಂಬಿದವರೂ ಮುಂಗಡವಾಗಿ ಅರ್ಜಿ ಹಾಕಬಹುದು. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಈ ನಾಲ್ಕರಲ್ಲಿ ಯಾವ ತಿಂಗಳ 1ನೇ ತಾರೀಖಿಗೆ 18 ಆಗುತ್ತದೋ ಆಗ ಹೆಸರು ಸೇರುತ್ತದೆ. ಮನೆ ಬದಲಿಸಿದವರು ವಿಳಾಸವನ್ನೂ ಬದಲಿಸಿಕೊಳ್ಳಬೇಕು. 2019ರಲ್ಲಿ ರಾಜ್ಯದ ಚುನಾವಣಾ ರಾಯಭಾರಿಯಾಗಿದ್ದ ರಾಹುಲ್ ದ್ರಾವಿಡ್ ಅವರ ಹೆಸರೇ ಮನೆ ಬದಲಿಸಿದ ಮೇಲೆ ಪಟ್ಟಿಯಿಂದ ಹೋಗಿ, ಮತ್ತೆ ಸೇರಿಸಲು ತಡವಾಗಿ, ಮತ ಹಾಕಲಾಗಲಿಲ್ಲ. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ದಾಟಿದರೆ ಪಟ್ಟಿಗೆ ಯಾರ ಹೆಸರನ್ನೂ ಸೇರಿಸುವಂತಿಲ್ಲ. ಅಷ್ಟರೊಳಗೆ ಅರ್ಜಿ ವಿಲೇವಾರಿಯೂ ಆಗಬೇಕಾದ್ದರಿಂದ ಈ ವಾರವೇ ಹಾಕಿಬಿಡಿ.